ಜೂನ್ ಗುರುವಾರದ ಬೈಬಲ್ ಧ್ಯಾನ: 'ದೇವರ ಪ್ರೀತಿ' ವಿಷಯಕ್ಕೆ ಯಾವ ಭಾಗ, ಹ್ಯಾಂಗ ನಡಸೋದು?

ಭೀಮಾ_ದಂಡಿ

ಎಲ್ಲರಿಗೂ ವಂದನೆ. ಜೂನ್‌ನಾಗ ನಾಕು ಗುರುವಾರ ನಮ್ಮ ಕಿರು ಕ್ರೈಸ್ತ ಸಮುದಾಯದಾಗ ಬೈಬಲ್ ಧ್ಯಾನ ನಡಸಬೇಕಾಗ್ಯದ. ಯಾದಗಿರಿ ಕಡೆ ಹಳ್ಳಿ, ಹತ್ತು-ಹನ್ನೆರಡು ಮಂದಿ. ಜೂನ್ ಯೇಸುವಿನ ಪವಿತ್ರ ಹೃದಯದ ತಿಂಗಳು ಅಂತ ವಿಷಯ ದೇವರ ಪ್ರೀತಿ, ಅದರ ಮ್ಯಾಲ ಭರೋಸಾ. ಫಾದರ್ ಬರೋದು ಕಡೀ ವಾರ ಅಷ್ಟೇ. ಬಿತ್ತಗಿ ದಿನ, ಹೊಲದಿಂದ ಬಂದು ಕೈಕಾಲು ತೊಳಕೊಂಡು ಕೂಡೂದ್ರಾಗ ರಾತ್ರಿ ಎಂಟು. ಮುಕ್ಕಾಲು ತಾಸಿಗಿಂತ ಹೆಚ್ಚಿಗಿ ಹಿಡಿಯಾಕ ಆಗಲ್ಲ. ಅರ್ಧ ಮಂದಿಗೆ ಓದಾಕ ಬರಲ್ಲ. ಒಂದೊಂದು ಬೈಬಲ್ ವಾಕ್ಯ ಬರೆದ ವಾಗ್ದಾನದ ಚೀಟಿ ಎತ್ತಿಸಿ ಮಾತಾಡಸ್ರಿ ಅಂತ ಒಬ್ರು ಅಂದ್ರು, ಅದ್ಯಾಕೋ ಮನಸ್ಸಿಗಿ ಬರವಲ್ದು. ತಿಳಿದವರು ಹೇಳ್ರಿ.

ತೊಗರಿ_ಕಣಜ

ಚೀಟಿ ಬೇಡ ಅಕ್ಕಾ. ಚೀಟಿಯಲ್ಲಿ ಹೆಚ್ಚಾಗಿ ಬರುವ ಯೆರೆಮೀಯ 29:11 ನೋಡಿ. ನಿಮ್ಮ ಬಗ್ಗೆ ನನ್ನ ಯೋಜನೆ ಹಿತದ್ದು, ಕೇಡಿನದಲ್ಲ ಅನ್ನುವ ಮಾತು. ಅದರ ಹಿಂದಿನ ವಾಕ್ಯವೇ ಬಾಬಿಲೋನಿನಲ್ಲಿ 70 ವರ್ಷ ಕಳೆದ ಮೇಲೆ ಅನ್ನುತ್ತದೆ. ಸೆರೆಹೋದವರಿಗೆ ಬರೆದ ಕಾಗದ ಅದು. 5ನೇ ವಾಕ್ಯದಲ್ಲಿ ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅಂತಿದೆ. ಆ ಕಾಗದ ಕೇಳಿದ ದೊಡ್ಡವರು ಮರಳಿ ಬರುವ ದಿನ ಕಾಣುವ ಹಾಗೇ ಇರಲಿಲ್ಲ. ಚೀಟಿಯಲ್ಲಿ ಆ 70 ವರ್ಷ ಅಚ್ಚಾಗುವುದಿಲ್ಲ. ಪುಣೆಗೆ ಗುಳೆ ಹೋದ ಮಗನ ತಾಯಿ ಅದನ್ನ ಎತ್ತಿ, ಮಗ ಈ ತಿಂಗಳೇ ಬರ್ತಾನೆ ಅಂದುಕೊಂಡರೆ ತಪ್ಪು ಅವಳದಲ್ಲ, ಕತ್ತರಿ ಹಿಡಿದವರದು.

ನಡೆಸುವುದಕ್ಕೆ 'ಏಳು ಹೆಜ್ಜೆ' ಸಾಕು. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡ ಕ್ರಮ. ಗುರುಗಳು ಇಲ್ಲದ ಕಡೆಯೂ ಜನ ತಾವೇ ನಡೆಸಿಕೊಳ್ಳಬಹುದು. 45 ನಿಮಿಷಕ್ಕೆ ಹೀಗೆ ಹೊಂದಿಸಿ. ಮೊದಲ 3 ನಿಮಿಷ ಒಬ್ಬರು ತಮ್ಮ ಮಾತಿನಲ್ಲೇ ಪ್ರಭುವನ್ನು ಕರೆಯಲಿ. 4 ನಿಮಿಷ ಓದು. ಆಮೇಲೆ 6 ನಿಮಿಷ, ಯಾರಿಗೆ ಯಾವ ಪದ ತಾಗಿತೋ ಅದನ್ನು ಗಟ್ಟಿಯಾಗಿ ಮೂರು ಸಲ ಹೇಳುವುದು, ಸಲಸಲಕ್ಕೂ ನಡುವೆ ಮೂರು ಉಸಿರಿನಷ್ಟು ಸುಮ್ಮನಿರುವುದು. ಎಲ್ಲರದೂ ಮುಗಿದ ಮೇಲೆ ಇಡೀ ಭಾಗ ಇನ್ನೊಮ್ಮೆ ಓದಿಸಿ. ನಾಲ್ಕನೆಯದು ಮೌನ, 5 ನಿಮಿಷ. ಐದನೆಯದು ಹಂಚಿಕೊಳ್ಳುವುದು, 12 ನಿಮಿಷ. ಆರನೆಯದು ಈ ವಾರ ನಾವು ಮಾಡಬೇಕಾದ ಕೆಲಸ ಯಾವುದು, ಯಾರು, ಯಾವತ್ತು ಅಂತ ಗೊತ್ತು ಮಾಡುವುದು, 8 ನಿಮಿಷ. ಉಳಿದ 7 ನಿಮಿಷ ಪ್ರಾರ್ಥನೆ. ಎಲ್ಲರಿಗೂ ಬಾಯಿಪಾಠ ಇರುವ ಒಂದು ಹಾಡಿನಿಂದ ಮುಗಿಸಿ.

ಓದಲು ಬಾರದವರಿಗೆ ಮೂರನೇ ಹೆಜ್ಜೆಯೇ ದೊಡ್ಡ ಉಪಕಾರ. ಪುಸ್ತಕ ಕೈಯಲ್ಲಿ ಇಲ್ಲದಿದ್ದರೂ ಕಿವಿಗೆ ಬಿದ್ದ ಪದ ಬಾಯಿಂದ ಬರುತ್ತದೆ. ಆದರೆ ಭಾಗ 10-12 ವಾಕ್ಯ ಮೀರಬಾರದು. ಮೀರಿದರೆ ಕೇಳುವವರ ನೆನಪಿನಲ್ಲಿ ಕೊನೆಯ ಎರಡು ಸಾಲು ಮಾತ್ರ ಉಳಿದು ಎಲ್ಲರೂ ಅದನ್ನೇ ಹೇಳುತ್ತಾರೆ.

ಸಂಜಿ_ಗಂಟಿ

ಕ್ರಮ ಬರಾಬರ್ ಅದ ಸರ, ಆದ್ರ ಐದನೇ ಹೆಜ್ಜಿಗೆ ಬಂಡಿ ಸಿಕ್ಕೊಂಡು ಬೀಳ್ತದ. ಒಬ್ರು ಪ್ರಬೋಧನೆ ಶುರು ಮಾಡ್ತಾರ, ಇನ್ನೊಬ್ರು ಅದಕ್ಕ ಉತ್ತರ ಕೊಡ್ತಾರ, 12 ನಿಮಿಷ 30 ಆಗ್ತದ, ಆರನೇ ಹೆಜ್ಜಿ ಹಾರಿ ಹೋಗ್ತದ. ಮೊದಲೇ ಒಂದು ಮಾತು ಹೇಳಿಡ್ರಿ ಅಕ್ಕಾರ: 'ನನಗ' ಅಂತ ಶುರು ಮಾಡಬೇಕು, 'ನೀವು' ಅಂತ ಶುರು ಮಾಡೂ ಹಂಗಿಲ್ಲ. ಒಬ್ರು ಹೇಳಿದ್ದಕ್ಕ ಇನ್ನೊಬ್ರು ಬುದ್ಧಿ ಹೇಳೂ ಹಂಗಿಲ್ಲ. ಮೌನದ ಐದು ನಿಮಿಷ ಗಡಿಯಾರ ನೋಡೇ ಹಿಡೀರಿ. ನಡಸೋರಿಗೆ ಆ ಐದು ನಿಮಿಷ ಹದಿನೈದು ಅನ್ನಸ್ತದ, ಒಂದೂವರಿ ನಿಮಿಷಕ್ಕ 'ಆಮೆನ್' ಅಂದುಬಿಡ್ತಾರ. ಫೋನಿನಾಗ ಅಲಾರಾಂ ಇಡಬ್ಯಾಡ್ರಿ, ಅದು ಬಾರಿಸಿದ ಕೂಡಲೇ ಮೌನದಾಗ ಹುಟ್ಟಿದ್ದು ಚೆಲ್ಲಿಹೋಗ್ತದ. ಗೋಡೆ ಗಡಿಯಾರದ ಎದುರಿಗಿ ಕೂಡ್ರಿ.

ಹಳೇ_ವಾಚನಪೀಠ

ಹಿನ್ನೆಲೆಗೆ ಒಂದು ಮಾತು. 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗ್ವಿಗೊ, ಬೈಬಲನ್ನು ಹೀಗೆ ಪ್ರಾರ್ಥನೆಯಾಗಿ ಓದುವ 'ದಿವ್ಯ ವಾಚನ'ವನ್ನು ನಾಲ್ಕು ಮೆಟ್ಟಿಲಾಗಿ ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನಲೀನತೆ. ಅವನ ಹೋಲಿಕೆ ಊಟದ್ದು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹೀರುತ್ತದೆ, ನಾಲ್ಕನೆಯದು ಆ ಸವಿಯೇ. ಕಟಕ ರೊಟ್ಟಿ ತಿನ್ನುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗಿಯದೆ ನುಂಗಿದರೆ ಗಂಟಲಿಗೆ ಚುಚ್ಚುತ್ತದೆ. 2010ರ 'ವೆರ್ಬುಮ್ ದೋಮಿನಿ' ಅನ್ನುವ ಬರಹದಲ್ಲಿ ಪೋಪ್ 16ನೇ ಬೆನೆಡಿಕ್ಟರು ಈ ನಾಲ್ಕರ ಮುಂದೆ ಕ್ರಿಯೆಯನ್ನು ಸೇರಿಸಿ, ಅಲ್ಲಿಗೆ ಬರುವವರೆಗೆ ವಾಚನ ಪೂರ್ಣವಲ್ಲ ಅನ್ನುತ್ತಾರೆ. ಆರನೇ ಹೆಜ್ಜೆ ಹಾರಿಸಬೇಡಿ ಅನ್ನುವುದು ಅದಕ್ಕೇ.

ಬಿದ್ರಿ_ಕಪ್ಪು

ಮೊದಲ ವಾರಕ್ಕೆ ಯೆಶಾಯ 49:13-16 ಇಡಿ. ತಾಯಿ ತನ್ನ ಮೊಲೆಗೂಸನ್ನು ಮರೆತಾಳೇ ಅನ್ನುವ 15ನೇ ವಾಕ್ಯ ಎಲ್ಲರಿಗೂ ಗೊತ್ತು, ಪಟದ ಕೆಳಗೆ ಅಚ್ಚು ಹಾಕಿರುತ್ತಾರೆ. ಆದರೆ ಅದು ಉತ್ತರ. ಪ್ರಶ್ನೆ 14ರಲ್ಲಿದೆ: ಸ್ವಾಮಿ ನನ್ನ ಕೈಬಿಟ್ಟರು, ಮರೆತೇಬಿಟ್ಟರು ಅಂತ ಸಿಯೋನ್, ಅಂದರೆ ಜೆರುಸಲೇಮ್, ದೂರುತ್ತದೆ. ದೂರು ಕೇಳಿಸದೆ ಸಮಾಧಾನ ಓದಿದರೆ ಅದು ಬರೀ ಸವಿಮಾತು.

'ಕರುಣೆ' ಅಂತ ನಾವು ಓದುವ ಕಡೆ ಹೀಬ್ರೂವಿನಲ್ಲಿ ಇರುವ ಪದದ ಬೇರು ಗರ್ಭ ಅನ್ನುವ ಪದದ್ದೇ. ಲೂಕ 15:20ರಲ್ಲಿ ತಂದೆ ದೂರದಿಂದ ಮಗನನ್ನು ಕಂಡು ಕನಿಕರಪಟ್ಟ ಅನ್ನುವಲ್ಲಿ ಗ್ರೀಕ್ ಪದ ಹುಟ್ಟಿದ್ದು ಕರುಳಿನಿಂದ. ನಮ್ಮಲ್ಲಿ 'ಹೆತ್ತ ಕರುಳು', 'ಕರುಳು ಚುರ್ ಅಂತು' ಅಂತ ದಿನಾ ಅನ್ನುತ್ತೇವೆ. ಬೇರೆ ಭಾಷೆಯವರು ಅಡಿಟಿಪ್ಪಣಿ ಹಾಕಿ ತಿಳಿಸುವುದು ಕನ್ನಡದವರ ಬಾಯಲ್ಲೇ ಇದೆ. 'ಕರುಣೆ' ಅಂತ ಓದಿ, ವಿವರಿಸುವಾಗ 'ಕರುಳು' ಅನ್ನಿ.

16ನೇ ವಾಕ್ಯ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿದ್ದೇನೆ. ಕೆಲವರು ಮೆಹಂದಿಗೆ ಹೋಲಿಸುತ್ತಾರೆ. ಮೆಹಂದಿ ಎರಡು ವಾರಕ್ಕೆ ಮಾಸುತ್ತದೆ; ಇಲ್ಲಿರುವ ಕ್ರಿಯಾಪದ ಕೊರೆಯುವುದರದ್ದು. ಬೀದರಿನವರು ಬಿದ್ರಿ ಹೂಜಿ ನೆನೆಯಲಿ. ಸತು-ತಾಮ್ರದ ಮೈಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಕಲಸಿದ ದ್ರಾವಣ ಹಚ್ಚಿದಾಗ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಗೆರೆ ಹಾಗೇ ಹೊಳೆಯುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲಿಸಿ, ಬಿದ್ರಿ ಮೇಲೆ ಉಪನ್ಯಾಸ ಬೇಡ.

ಭೀಮಾ_ದಂಡಿ

ಭಾಳ ಉಪಕಾರ ಆತ್ರಿ. ಇನ್ನೊಂದು: ಇಬ್ರು-ಮೂವರು ಮೆಥಡಿಸ್ಟ್ ಮನಿಯವರೂ ಬರ್ತಾರ, ಅವರ ಕೈಯಾಗ ಪ್ರೊಟೆಸ್ಟಂಟರ ಬೈಬಲ್, ಸತ್ಯವೇದ. ನಮ್ಮಲ್ಲಿ 'ಸರ್ವೇಶ್ವರ' ಅಂದಲ್ಲಿ ಅವರದ್ರಾಗ 'ಯೆಹೋವ' ಅಂತದ, ಯೊವಾನ್ನ ಅಂದ್ರ ಅವರು ಯೋಹಾನ ಅಂತಾರ. ಓದೂವಾಗ ಗದ್ದಲ ಆಗ್ತದ.

ಹಳೇ_ವಾಚನಪೀಠ

ಒಂದೇ ಪ್ರತಿ ಗಟ್ಟಿಯಾಗಿ ಓದಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಎರಡನೇ ಓದನ್ನು ಬೇಕಾದರೆ ಅವರ ಪ್ರತಿಯಿಂದ ಓದಿಸಿ. ಬೇರೆ ಪದ ಕಿವಿಗೆ ಬಿದ್ದಾಗ ಅರ್ಥ ಇನ್ನೊಂದು ಕಡೆಯಿಂದ ತೆರೆಯುತ್ತದೆ. ನಮ್ಮದರಲ್ಲಿ 73 ಗ್ರಂಥ, ಅವರದರಲ್ಲಿ 66. ಆದ್ದರಿಂದ ಸೊಲೊಮೋನನ ಜ್ಞಾನಗ್ರಂಥ, ಸಿರಾಖ ಈ ಗುಂಪಿನಲ್ಲಿ ಬೇಡ. ಜ್ಞಾನಗ್ರಂಥ 11:23-26 ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ, ಇರುವುದೆಲ್ಲವನ್ನೂ ನೀವು ಪ್ರೀತಿಸುತ್ತೀರಿ ಅನ್ನುತ್ತದೆ, ಆದರೂ ಬಿಡಿ. ಗ್ರಂಥಸಂಖ್ಯೆಯ ವಾದಕ್ಕೆ ಸಂಜೆ ಹೋಗಿಬಿಡುತ್ತದೆ. ಕೀರ್ತನೆ ಆರಿಸಿದರೆ ಸಂಖ್ಯೆ ನೋಡಿಕೊಳ್ಳಿ: ಲತೀನಿನ ಹಳೆಯ ಎಣಿಕೆ ಅನುಸರಿಸುವ ಪ್ರಾರ್ಥನಾ ಪುಸ್ತಕಗಳಲ್ಲಿ 10ರಿಂದ 147ರವರೆಗೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದು ಕಡಿಮೆ ಇರುತ್ತದೆ. 'ಸ್ವಾಮಿಯೇ ನನ್ನ ಕುರುಬ' ಒಂದರಲ್ಲಿ 23, ಇನ್ನೊಂದರಲ್ಲಿ 22.

ಪವಿತ್ರ ಹೃದಯದ ಹಬ್ಬ ಪೆಂತೆಕೋಸ್ತ್ ಭಾನುವಾರದಿಂದ 19ನೇ ದಿನದ ಶುಕ್ರವಾರ. ಅದರ ಹಿಂದಿನ ಗುರುವಾರಕ್ಕೆ ಹಬ್ಬದ ವಾಚನವನ್ನೇ ಇಡಿ. ವಾಚನಗಳು ಎ, ಬಿ, ಸಿ ಅಂತ ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ; ಯಾವ ವರ್ಷದ್ದು ಅಂತ ತಿಳಿಯಲು ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಬಂದರೆ 'ಎ' ವರ್ಷ, ಶುಭಸಂದೇಶ ಮತ್ತಾಯ 11:25-30. ಶೇಷ 2 'ಬಿ', ಮೊದಲ ವಾಚನ ಹೊಶೇಯ 11. ಶೇಷ ಉಳಿಯದಿದ್ದರೆ 'ಸಿ', ಕಳೆದುಹೋದ ಕುರಿ, ಲೂಕ 15:3-7. 2026ಕ್ಕೆ ಶೇಷ 1.

ತೊಗರಿ_ಕಣಜ

ಹೊಶೇಯ ಈ ವರ್ಷದ ಹಬ್ಬದ ವಾಚನ ಅಲ್ಲದಿದ್ದರೂ ಎರಡನೇ ವಾರಕ್ಕೆ ಇಡಲೇಬೇಕು ಅನ್ನುತ್ತೇನೆ. 11:1-9, ಪೂರ್ತಿ. ಹಬ್ಬದ ಪಟ್ಟಿಯಲ್ಲಿ 1, 3, 4 ಓದಿ ನೇರ 8ರ ಕೊನೆಗೆ ಹಾರುತ್ತಾರೆ. ಹಾರಿಸಿದ 5-7ರಲ್ಲಿ ಅಸ್ಸೀರಿಯದ ಆಳ್ವಿಕೆ, ಊರಿಗೆ ನುಗ್ಗುವ ಕತ್ತಿ ಇವೆ. ಚರ್ಚಿನ ಬಲಿಪೂಜೆಯಲ್ಲಿ ಸಮಯದ ಮಿತಿಗೆ ಸರಿ. ಮನೆಯ ಧ್ಯಾನದಲ್ಲಿ ಕತ್ತಿ ಬಿಟ್ಟರೆ 8ನೇ ವಾಕ್ಯದ ಹೊಯ್ದಾಟ ತಿಳಿಯುವುದಿಲ್ಲ. 'ನಿನ್ನನ್ನು ಹೇಗೆ ಬಿಟ್ಟುಕೊಡಲಿ?' ಅಂತ ದೇವರು ಕೇಳುವುದು ಬಿಟ್ಟುಕೊಡಲು ಕಾರಣ ಇದ್ದಾಗಲೇ. ಆದ್ಮಾ, ಜೆಬೋಯೀಮ್ ಅನ್ನುವ ಹೆಸರು ಬರುತ್ತವೆ. ಸೊದೋಮಿನ ಜೊತೆ ನಾಶವಾದ ಊರುಗಳು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಬಿದ್ರಿ_ಕಪ್ಪು

ಅಲ್ಲೇ 4ನೇ ವಾಕ್ಯದ ಮೇಲೆ ಸ್ವಲ್ಪ ನಿಲ್ಲಿ. ಮನುಷ್ಯರಿಗೆ ತಕ್ಕ ಹಗ್ಗದಿಂದ, ಪ್ರೀತಿಯ ಬಂಧದಿಂದ ಎಳೆದೆ ಅಂದ ಮೇಲೆ ಬರುವ ಸಾಲು ಅನುವಾದಗಳಲ್ಲಿ ಎರಡು ರೀತಿ ಇದೆ. ಒಂದರಲ್ಲಿ ದವಡೆಯ ಮೇಲಿನ ನೊಗ ಸಡಲಿಸಿದವನಂತೆ, ಇನ್ನೊಂದರಲ್ಲಿ ಕೂಸನ್ನೆತ್ತಿ ಕೆನ್ನೆಗೆ ಒತ್ತಿಕೊಂಡವನಂತೆ. ಹೀಬ್ರೂವಿನಲ್ಲಿ ವ್ಯಂಜನಗಳು ಅವೇ. ಸ್ವರ ಬದಲಾದರೆ ನೊಗ ಕೂಸಾಗುತ್ತದೆ. ಯಾವುದು ಸರಿ ಅಂತ ಆ ರಾತ್ರಿ ತೀರ್ಮಾನಿಸಬೇಕಾಗಿಲ್ಲ. 3ನೇ ವಾಕ್ಯದಲ್ಲಿ ನಡೆಯಲು ಕಲಿಸಿದ ಮಾತಿದೆ, ಆದ್ದರಿಂದ ಕೂಸು ಹೊಂದುತ್ತದೆ. 10:11ರಲ್ಲಿ ಎಫ್ರಯಿಮ್, ಅಂದರೆ ಇಸ್ರಯೇಲ್ ಜನ, ತೆನೆ ತುಳಿಯುವ ಪಳಗಿದ ಕಡಸು, ಆದ್ದರಿಂದ ನೊಗವೂ ಹೊಂದುತ್ತದೆ. ಎರಡೂ ಓದಿಸಿ, ಸುಮ್ಮನಾಗಿ.

ಜಪಸರ_59

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಪ್ರೀತಿ ಅಂದ ಕೂಡಲೇ ಯೊವಾನ್ನ 21 ತೆಗೆದು, ಪ್ರೀತಿಗೆ ಗ್ರೀಕಿನಲ್ಲಿರುವ ಎರಡು ಪದಗಳಲ್ಲಿ ಯೇಸು ಪೇತ್ರನನ್ನು 'ಅಗಾಪೆ' ಅಂತ ಕೇಳಿದರು, ಪೇತ್ರ 'ಫಿಲಿಯಾ' ಅಂತ ಕೆಳಮಟ್ಟದ ಉತ್ತರ ಕೊಟ್ಟ ಅಂತ ಹೇಳುವುದು ರೂಢಿಯಾಗಿದೆ. ಅದನ್ನು ಕಲ್ಲಿನಲ್ಲಿ ಕೆತ್ತಿದಂತೆ ಹೇಳಬೇಡಿ. ತಂದೆ ಮಗನನ್ನು ಪ್ರೀತಿಸುತ್ತಾರೆ ಅನ್ನಲು ಇದೇ ಯೊವಾನ್ನ 3:35ರಲ್ಲಿ ಒಂದು ಕ್ರಿಯಾಪದ, 5:20ರಲ್ಲಿ ಇನ್ನೊಂದು ಬಳಸುತ್ತಾನೆ. ತಂದೆಯ ಪ್ರೀತಿ ಎರಡು ಅಧ್ಯಾಯದಲ್ಲಿ ಕೆಳಗಿಳಿಯಿತೇ? ಮೂರು ಸಲ ಅಲ್ಲಗಳೆದವನನ್ನು ಮೂರು ಸಲ ಕೇಳಿದರು, ಧ್ಯಾನಕ್ಕೆ ಅಷ್ಟೇ ಬೇಕಾದಷ್ಟು.

ಸಂಜಿ_ಗಂಟಿ

ಮೂರನೇ ವಾರಕ್ಕ ಮತ್ತಾಯ 6:25-34, ಆಕಾಶದ ಹಕ್ಕಿ, ಹೊಲದ ಹೂವು. ಬಿತ್ತಗಿ ಟೈಮಿಗಿ ಇದಕ್ಕಿಂತ ಛಲೋದು ಯಾವುದದ?

ತೊಗರಿ_ಕಣಜ

ಛಲೋದೇ, ಆದರೆ ಜೋಪಾನ. ಮಳೆ ಹಿಂದೆ ಸರಿದು, ಬೀಜ-ಗೊಬ್ಬರಕ್ಕೆ ಸಾಲ ಮಾಡಿದವರ ಮುಂದೆ 'ಚಿಂತಿಸಬೇಡಿ' ಅಂತ ಓದುವುದು ಎರಡು ಅಲಗಿನ ಕತ್ತಿ. ಚಿಂತೆ ಮಾಡುವವನಿಗೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಒಂದು ಮಾತು ಬಿಟ್ಟರೆ ಸಾಲಗಾರ ಮುಂದಿನ ವಾರ ಬರುವುದಿಲ್ಲ. ಮೂರು ವಿಷಯ ತಿಳಿದುಕೊಂಡು ಕೂಡಿ. ಹಕ್ಕಿ ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಕಣಜ ತುಂಬುವುದಿಲ್ಲ ಅಂತ ಇದೆ. ನೀವೂ ಬಿತ್ತಬೇಡಿ ಅಂತ ಇಲ್ಲ. ಹಕ್ಕಿಯೂ ಬೆಳಗಿಂದ ಸಂಜೆವರೆಗೆ ಕಾಳು ಹುಡುಕುತ್ತಲೇ ಇರುತ್ತದೆ. ಎರಡು, 'ಚಿಂತೆ' ಅನ್ನುವ ಕಡೆ ಗ್ರೀಕ್ ಪದ ಕಳವಳದ್ದು. ಲೂಕ 10:41ರಲ್ಲಿ ಮಾರ್ತಳಿಗೆ ಹೇಳಿದ್ದೂ ಅದೇ ಪದ. ಮುಂದಿನ ಬೆಳೆಯ ಲೆಕ್ಕಾಚಾರ ಬೇರೆ, ಕಳವಳ ಬೇರೆ. ಮೂರು, 34ನೇ ವಾಕ್ಯ. ಆ ಆ ದಿನದ ಪಾಡು ಆ ಆ ದಿನಕ್ಕೆ ಸಾಕು ಅನ್ನುವಾಗ ಯೇಸು ಪಾಡು ಇದೆ ಅಂತ ಒಪ್ಪಿಯೇ ಮಾತಾಡುತ್ತಿದ್ದಾರೆ. ಇದನ್ನು ಬಿಟ್ಟು 33ಕ್ಕೆ ನಿಲ್ಲಿಸುವವರು ಬಹಳ, ನಿಲ್ಲಿಸಬೇಡಿ.

ಲೂಕನಲ್ಲಿ ಹಕ್ಕಿಯ ಜಾಗಕ್ಕೆ ಕಾಗೆಯ ಜಾತಿಯದು ಬರುತ್ತದೆ, 12:24. ಯಾಜಕಕಾಂಡ 11:15ರ ಪ್ರಕಾರ ಅದು ಅಶುದ್ಧ. ಯಾರೂ ಮುಟ್ಟದ ಹಕ್ಕಿಗೂ ಊಟ ಇಕ್ಕುವ ದೇವರು. ಈ ಭಾಗದಲ್ಲಿ ಇದಕ್ಕೆ ಕಿವಿಗೊಡುವವರು ಯಾರು ಅಂತ ನಿಮಗೆ ಗೊತ್ತು.

ಮತ್ತು ಆರನೇ ಹೆಜ್ಜೆ ಆ ವಾರ ಗಟ್ಟಿಯಾಗಿರಲಿ. ಯಾರ ಹೊಲಕ್ಕೆ ಬೀಜ ಸಾಲದು, ಯಾರ ಎತ್ತು ಕುಂಟುತ್ತಿದೆ, ಅದನ್ನು ಹೆಸರು ಹಿಡಿದು ಕೇಳಿ. ತಂದೆ ಹಕ್ಕಿಗೆ ಉಣಿಸುತ್ತಾರೆ ಅಂತ ಹಾಡಿ ಎದ್ದುಹೋದರೆ ಯಾಕೋಬ 2:15-16 ಹೇಳುವುದು ನಮಗೇ: ಹಸಿದವರಿಗೆ ಏನೂ ಕೊಡದೆ ಹೊಟ್ಟೆ ತುಂಬಲಿ ಅಂತ ಹೇಳಿ ಕಳಿಸಿದರೆ ಏನು ಪ್ರಯೋಜನ?

ಜಪಸರ_59

ಕೀರ್ತನೆ 91 ಯಾರೂ ಹೇಳಲಿಲ್ಲ. ಭರವಸೆ ಅಂದರೆ ಅದೇ ಅಲ್ಲವೇ?

ಹಳೇ_ವಾಚನಪೀಠ

ಇಡಬಹುದು, ಮತ್ತಾಯ 4:5-7ರ ಜೊತೆ. ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು ಅನ್ನುತ್ತಾ ಎತ್ತಿ ಆಡುವುದು ಇದೇ ಕೀರ್ತನೆಯ 11-12, ದೂತರು ನಿನ್ನನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾರೆ ಅನ್ನುವ ಮಾತು. ಯೇಸುವಿನ ಉತ್ತರ ಧರ್ಮೋಪದೇಶಕಾಂಡದಿಂದ: ದೇವರನ್ನು ಪರೀಕ್ಷಿಸಬೇಡ. ಭರವಸೆಯನ್ನು ಎರಡು ತುದಿಯಲ್ಲಿ ಕಳೆದುಕೊಳ್ಳಬಹುದು, ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಕ್ಯಾಟೆಕಿಸಂ) 2091-2092ರಲ್ಲಿ ಎರಡನ್ನೂ ಹೆಸರಿಸುತ್ತದೆ: ಒಂದು ಹತಾಶೆ, ಇನ್ನೊಂದು ಭಂಡ ಧೈರ್ಯ. ಔಷಧಿ ಬಿಟ್ಟು ಪ್ರಾರ್ಥನೆ ಮಾಡು ಅನ್ನುವುದು ಎರಡನೆಯದು. ಬಿ.ಪಿ., ಸಕ್ಕರೆ ಮಾತ್ರೆ ನುಂಗುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ, ಈ ಮಾತು ನೇರವಾಗಿ ಹೇಳಿ.

ಬಿದ್ರಿ_ಕಪ್ಪು

ಪದದ ಬಗ್ಗೆ. 'ಭರವಸೆ' ಈಗ ಚುನಾವಣೆಗೆ ಹೋಗಿ ಕೆಟ್ಟಿದೆ. ಭರವಸೆ ಅಂದರೆ ಯಾರೋ ಕೊಟ್ಟು ಮರೆಯುವುದು ಅಂತ ಜನಕ್ಕೆ. ಅಕ್ಕ ಮೊದಲೇ ಬರೆದ 'ಭರೋಸಾ' ಹಿಡಿಯಿರಿ. ನಮ್ಮ ಕಡೆ ಅದು ಕೊಡುವುದಲ್ಲ, ಒಬ್ಬರ ಮೇಲೆ ಇಡುವುದು. ಸಂತ ಫೌಸ್ತಿನಾ 1931ರಲ್ಲಿ ಕಂಡ ದಿವ್ಯ ಕರುಣೆಯ ಚಿತ್ರದ ಕೆಳಗೆ ಬರೆಯುವ ಮಾತೂ 'ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ' ಅಂತಲೇ.

ಭೀಮಾ_ದಂಡಿ

ಒಂದು ಕೇಳಬೇಕಾಗಿತ್ತು. ಏನೂ ಅನ್ನಿಸವಲ್ದು, ಬಾಯಿ ಆಡ್ತದ ಮನಸ್ಸು ಆಡಲ್ಲ ಅನ್ನೋರಿಗಿ ಏನ್ ಹೇಳಬೇಕು? ಐದನೇ ಹೆಜ್ಜಿನ್ಯಾಗ ಇದು ಬಂದೇ ಬರ್ತದ.

ಜಪಸರ_59

ಏನೂ ಹೇಳಬೇಡಿ, ಆ ಮಾತನ್ನು ಒಪ್ಪಿಕೊಳ್ಳಿ. ಅವರಿಗೆ ಕೀರ್ತನೆ 13 ಓದಿಸಿ. ಆರೇ ವಾಕ್ಯ, ಮೊದಲ ಎರಡರಲ್ಲೇ ನಾಲ್ಕು ಸಲ 'ಎಲ್ಲಿಯವರೆಗೆ?' ಅಂತ ಕೇಳುತ್ತದೆ. ಬೈಬಲ್ಲೇ ಕೇಳುವ ಪ್ರಶ್ನೆ ಕೇಳಲು ಯಾರ ಅಪ್ಪಣೆ ಬೇಕು? ಸಂತ ಇಗ್ನಾಸಿಯವರ ನಿಯಮ ಚಿಕ್ಕದು: ಮನಸ್ಸು ಬರಡಾದಾಗ ಮೊದಲಿನ ನಿರ್ಧಾರ ಬದಲಿಸಬೇಡ. ಬರುತ್ತಿದ್ದವರು ಬರುತ್ತಿರಲಿ, ಅಷ್ಟೇ. ಲಿಸಿಯದ ಸಂತ ತೆರೇಸಾ ಭರವಸೆಯೊಂದೇ ನಮ್ಮನ್ನು ಪ್ರೀತಿಯ ಬಳಿಗೆ ಒಯ್ಯಬೇಕು ಅಂತ ತನ್ನ ಅಕ್ಕನಿಗೆ ಬರೆದದ್ದು 1896ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಈಸ್ಟರ್‌ನಿಂದ ಅವಳೊಳಗೆ ಕತ್ತಲೆ ಕವಿದಿತ್ತು, 1897ರಲ್ಲಿ ಸಾಯುವವರೆಗೂ ಸರಿಯಲಿಲ್ಲ. ಗುಲಾಬಿ ಹಿಡಿದ ಪಟ ನೋಡಿದರೆ ಇದು ಗೊತ್ತಾಗುವುದಿಲ್ಲ.

ಕೊನೆಯ ವಾರ ಫಾದರ್ ಬಂದಾಗ ಕೀರ್ತನೆ 131 ಇಡಿ, ಮೂರೇ ವಾಕ್ಯ. ಅಲ್ಲಿರುವುದು ಹಾಲು ಬಿಟ್ಟ ಕೂಸು. ಮೊಲೆಗೂಸು ಮಡಿಲಿಗೆ ಬರುವುದು ಹಾಲಿಗೆ. ಹಾಲು ಬಿಟ್ಟದ್ದು ಬರುವುದು ತಾಯಿಗೆ.

ತೊಗರಿ_ಕಣಜ

ಹಾಗಾದರೆ ಹಬ್ಬದ ಹಿಂದಿನ ಗುರುವಾರ ಮತ್ತಾಯ 11:25-30. ಅದು ಎರಡನೇ ವಾರವೇ ಬಿದ್ದರೆ ಹೊಶೇಯ ಮೊದಲ ವಾರಕ್ಕೆ ತನ್ನಿ, ಬಿದ್ರಿಯವರ ಯೆಶಾಯ ಈ ಸಲ ಬಿಟ್ಟರೂ ನಡೆದೀತು. ಹೊಶೇಯನಲ್ಲಿ ನೊಗ ಸಡಲಿತು, ಮತ್ತಾಯನಲ್ಲಿ ಯೇಸು ನನ್ನ ನೊಗ ಹೊತ್ತುಕೊಳ್ಳಿ ಅನ್ನುತ್ತಾರೆ. ಎರಡು ವಾರ ಬೆನ್ನಿಗೆ ಬೆನ್ನು ಕೇಳಿದರೆ ಜನ ತಾವೇ ಕೇಳುತ್ತಾರೆ: ತೆಗೆದವರು ಮತ್ತೆ ಹೊರಿಸೋದು ಯಾಕ? ಆ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ, ಮೌನಕ್ಕೆ ಬಿಡಿ. ನನ್ನ ನೊಗ ಹಿತ, ನನ್ನ ಹೊರೆ ಹಗುರ ಅನ್ನುವಲ್ಲಿ, ಹಗುರ ಅನ್ನುವ ಮಾತಿಗೆ ಮುಂಚೆ ಬರುವ ಗ್ರೀಕ್ ಪದಕ್ಕೆ ಒಳ್ಳೆಯದು, ಹಿತವಾದದ್ದು ಅಂತ ಅರ್ಥ. 2ನೇ ಶತಮಾನದ ಸಂತ ಜಸ್ಟಿನ್, ಯೇಸು ನೇಗಿಲು-ನೊಗ ಮಾಡುತ್ತಿದ್ದರು ಅಂತ ಬರೆದಿದ್ದಾನೆ.

ಸಂಜಿ_ಗಂಟಿ

ಹಂಗಿದ್ರ ಒಂದು ನೊಗಾನೇ ತಂದು ಬೈಬಲ್ ಮುಂದ ಇಡ್ರಿ ಅಕ್ಕಾರ. ದೀಪ, ಹೂವು ಎಲ್ಲಾ ಕಡೆ ಇರ್ತಾವ.

ಭೀಮಾ_ದಂಡಿ

ಬಿತ್ತಗಿ ದಿನ ನೊಗ ಯಾರ ಮನ್ಯಾಗ ಖಾಲಿ ಇರ್ತದ್ರಿ?

ಸಂಜಿ_ಗಂಟಿ

ರಾತ್ರಿ ಎಂಟಕ್ಕ ಎತ್ತು ಗ್ವಾದಲಿಗೆ ಬಂದಿರ್ತಾವ, ಒಂಬತ್ತಕ್ಕ ತಿರುಗಿ ಕೊಟ್ಟರಾತು. ಹೊಸಾದು ಬ್ಯಾಡ, ಹಳೇದು ತರ್ರಿ. ಒಳಮೈ ಎತ್ತಿನ ಹೆಗಲಿಗಿ ಸವದು ನುಣುಪಾಗಿರ್ತದ. ನೊಗ ಬರಾಬರ್ ಕೂಡದಿದ್ರ ಒಂದು ಮಗ್ಗಲಿಗಿ ಹುಣ್ಣಾಗ್ತದ, ಅದು ಅಲ್ಲಿ ಕುಂತವರಿಗೆಲ್ಲಾ ಗೊತ್ತು. ಓದೂಕಿಂತ ಮೊದಲ ಒಬ್ಬೊಬ್ಬರ ಕೈಗಿ ಕೊಟ್ಟು ಆ ಒಳಮೈ ಮುಟ್ಟಿಸ್ರಿ. ಏನೂ ಹೇಳಬ್ಯಾಡ್ರಿ. ಆಮ್ಯಾಲ ಓದು ಶುರು ಮಾಡ್ರಿ.